ಬಾರಿಸಿದವರು ಯಾರು?

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಮಗನ ರೂಮಿಗೆ ಹೋದೆ. ಹೆಡ್‌ಫೋನ್ ಹಾಕ್ಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಅವನೂ ಅವನ ಕಾಲೇಜಿನ ಇಬ್ಬರು ಗೆಳೆಯರೂ ಸೇರಿ ಕನ್ನಡದಲ್ಲಿ ರ‍್ಯಾಪ್ ಮಾಡ್ತಾರೆ. ಮಾತು ಅವರದು, ಬೀಟ್ ಇವನದು. ಪರದೆಯ ಮೇಲೆ ಒಂದು ಫೋಲ್ಡರ್ ತೆರೆದಿತ್ತು. ಅದರಲ್ಲೊಂದು ಫೈಲಿನ ಹೆಸರು ‘ಅಮೆನ್ 170’.

“ಇದೇನೋ?” ಅಂದೆ.

“ಡ್ರಮ್ ಲೂಪ್ ಅಪ್ಪ. ಸಾಫ್ಟ್‌ವೇರ್ ಜೊತೆ ಫ್ರೀ ಬಂದಿದ್ದು. ಎಲ್ಲರೂ ಹಾಕ್ತಾರೆ.”

“ಬಾರಿಸಿದವರು ಯಾರು?”

ಅವನು ನನ್ನ ಮುಖ ನೋಡಿದ. “ಯಾರೂ ಇಲ್ಲಪ್ಪ. ಲೂಪ್ ಅದು.”

ನನಗೆ ಸ್ವಲ್ಪ ಸಿಟ್ಟು ಬಂತು. ಯಾಕೆ ಅಂತ ಹೇಳಬೇಕಾದರೆ ಒಂದಿಷ್ಟು ಹಿಂದಕ್ಕೆ ಹೋಗಬೇಕು, ಸಹಿಸಿಕೊಳ್ಳಿ.

1996ರಲ್ಲಿ ನಾನು ನ್ಯೂಜೆರ್ಸಿಗೆ ಹೋದೆ. ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರ್‌ಗಳು ಕೆಟ್ಟುಹೋಗದಂತೆ ನೋಡಿಕೊಳ್ಳೋ ಕೆಲಸ, ನಮ್ಮವರು ಸಾವಿರಾರು ಜನ ಹೋಗಿದ್ದರಲ್ಲ, ಅದೇ ಗುಂಪು. ಪಕ್ಕದ ಮೇಜಿನವನು ಬ್ರಾಂಕ್ಸ್‌ನಲ್ಲಿ ಹುಟ್ಟಿ ಬೆಳೆದವನು. ನಾನು ವಾಕ್‌ಮನ್‌ನಲ್ಲಿ ಅಶ್ವಥ್ ಕೇಳ್ತಿದ್ದೆ, ಅವನು ಇನ್ನೇನೋ ಕೇಳ್ತಿದ್ದ. ಒಂದು ದಿನ ಕ್ಯಾಸೆಟ್ ಅದಲುಬದಲು ಮಾಡಿಕೊಂಡ್ವಿ. ನನಗೆ ಬಂದದ್ದು ಪಬ್ಲಿಕ್ ಎನಿಮಿ ಅನ್ನೋ ತಂಡ 1988ರಲ್ಲಿ ತಂದ ಎರಡನೇ ಆಲ್ಬಮ್, ‘ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್ ಟು ಹೋಲ್ಡ್ ಅಸ್ ಬ್ಯಾಕ್’. ಮೊದಲ ಸಲ ಕೇಳಿದಾಗ ತಲೆನೋವು ಬಂತು, ನಿಜ ಹೇಳ್ತೀನಿ. ಸೈರನ್ನು, ಭಾಷಣದ ತುಣುಕು, ಕುಕ್ಕರ್ ವಿಷಲ್‌ನಂತೆ ಕಿರುಚೋ ಯಾವುದೋ ಊದುವಾದ್ಯ. ಅದೆಲ್ಲದರ ಅಡಿಯಲ್ಲಿ ಒಂದು ಡ್ರಮ್ ಮಾತ್ರ ಸಮಾಧಾನವಾಗಿ ನಡೀತಾ ಇತ್ತು. ಮೂರನೇ ಸಲಕ್ಕೆ ನಾನು ಸಿಕ್ಕಿಹಾಕಿಕೊಂಡೆ. ಆಮೇಲೆ ಡಿ ಲಾ ಸೋಲ್, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್, ನ್ಯಾಸ್ ಇಪ್ಪತ್ತನೇ ವಯಸ್ಸಿನಲ್ಲಿ ತಂದ ‘ಇಲ್‌ಮ್ಯಾಟಿಕ್’. ಸುಮಾರು 1987ರಿಂದ 1994ರವರೆಗಿನ ಆ ಕಾಲವನ್ನು ಹಿಪ್‌ಹಾಪ್‌ನ ಸುವರ್ಣಯುಗ ಅಂತಾರೆ. (ಈ ಆಲ್ಬಮ್‌ಗಳಲ್ಲಿ ಕೆಲವರು ಹೆಂಗಸರ ಬಗ್ಗೆ ಆಡಿರೋ ಮಾತು ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ಬೇರೆಯೇ ಬರಹ ಬೇಕು.)

1998ರಲ್ಲಿ ರಜೆಗೆ ಊರಿಗೆ ಬಂದಾಗ ಆ ಕ್ಯಾಸೆಟ್ಟನ್ನು ನಮ್ಮ ಸೋದರಮಾವನಿಗೆ ಕೇಳಿಸಿದೆ. ಮಾವ ಚಿಕ್ಕಂದಿನಲ್ಲಿ ನಾಟಕ ಕಂಪನಿಯಲ್ಲಿ ತಬಲ ಬಾರಿಸ್ತಿದ್ದ. ಆಮೇಲೆ ಮದರಾಸಿಗೆ ಹೋಗಿ ಎಂಟು ಹತ್ತು ವರ್ಷ ಸಿನಿಮಾ ರೆಕಾರ್ಡಿಂಗ್‌ಗಳಲ್ಲಿ ಡೋಲಕ್ ಬಾರಿಸಿದ. ಕಾಲ್‌ಶೀಟ್ ಲೆಕ್ಕದಲ್ಲಿ ದುಡ್ಡು, ಅವತ್ತಿನದು ಅವತ್ತಿಗೆ. ರೆಕಾರ್ಡಿನ ಮೇಲೆ ಗಾಯಕರು, ಸಂಗೀತ ನಿರ್ದೇಶಕರು, ಸಾಹಿತ್ಯ ಬರೆದವರು ಎಲ್ಲರ ಹೆಸರೂ ಇರ್ತಿತ್ತು. ಡೋಲಕ್‌ನವನ ಹೆಸರು ಯಾರು ಹಾಕ್ತಾರೆ?

ನನಗೆ ಹತ್ತು ವರ್ಷ ಇದ್ದಾಗಿನ ಒಂದು ಮದುವೆ ನೆನಪಿದೆ. ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ವಿ. ಮೈಕಿನಲ್ಲಿ ಯಾವುದೋ ಹಾಡು ಬಂತು. ಮಾವ ಅನ್ನ ಕಲಸೋದು ನಿಲ್ಲಿಸಿ, ಎಡಗೈ ಬೆರಳಲ್ಲಿ ಬಾಳೆಲೆ ಪಕ್ಕ ನೆಲದ ಮೇಲೆ ತಟ್ಟುತ್ತಾ “ಇದು ನಾನು ಬಾರಿಸಿದ್ದು” ಅಂದ. ಎದುರಿಗೆ ಕೂತಿದ್ದವರು “ಹೌದೌದು, ಹಾಡಿದ್ದೂ ನೀನೇ ಇರಬೇಕು” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಮಾವ ಹೆಡ್‌ಫೋನ್ ಹಾಕ್ಕೊಂಡು ‘ರೆಬೆಲ್ ವಿದೌಟ್ ಎ ಪಾಸ್’ ಅನ್ನೋ ಹಾಡನ್ನು ಪೂರ್ತಿ ಕೇಳಿದ. ಕಿರುಚಾಟಕ್ಕೆ ಬೈತಾನೆ ಅಂದುಕೊಂಡಿದ್ದೆ. ಹೆಡ್‌ಫೋನ್ ತೆಗೆದು, “ಅಡಿಯಲ್ಲಿ ಬಾರಿಸ್ತಾ ಇರೋನು ಯಾರೋ?” ಅಂದ. ಕ್ಯಾಸೆಟ್ಟಿನ ಒಳಹಾಳೆ ಬಿಚ್ಚಿ ನೋಡಿದೆ, ಹೆಸರಿರಲಿಲ್ಲ. “ಯಾರೂ ಬಾರಿಸಿಲ್ಲ ಮಾವ. ಹಳೇ ರೆಕಾರ್ಡಿಂದ ಕತ್ತರಿಸಿ ಮೆಷಿನ್‌ನಲ್ಲಿ ತಿರುಗಿಸ್ತಾರೆ,” ಅಂತ ನನ್ನ ಜಾಣತನ ತೋರಿಸಿದೆ. ಮಾವ ಮತ್ತೆ ಕೇಳಿದ. “ಮೆಷಿನ್‌ಗೆ ಎಡಗೈ ಇದೆಯೇನೋ? ದೊಡ್ಡ ಏಟು ಬಿಡು, ಅದು ಯಾರು ಬೇಕಾದ್ರೂ ಹಾಕ್ತಾರೆ. ಮಧ್ಯೆ ಮೆಲ್ಲಗೆ ಮುಟ್ಟಿ ಮುಟ್ಟಿ ಬಿಡ್ತಿದಾನಲ್ಲ, ಅದು ಎಡಗೈ. ಯಾರವನು?”

ಅವನು ಕ್ಲೈಡ್ ಸ್ಟಬಲ್‌ಫೀಲ್ಡ್. ಹೆಸರು ಪತ್ತೆಯಾಗೋಕೆ ನನಗೆ ಮತ್ತೂ ಒಂದು ವರ್ಷ ಬೇಕಾಯಿತು. ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್. 1969ರ ನವೆಂಬರ್‌ನಲ್ಲಿ ಸಿನ್ಸಿನಾಟಿಯ ಸ್ಟುಡಿಯೋದಲ್ಲಿ ಬಾರಿಸಿದ್ದು, ಮರುವರ್ಷ ‘ಫಂಕಿ ಡ್ರಮ್ಮರ್’ ಅನ್ನೋ ಹೆಸರಲ್ಲಿ ಬಂತು. ಹಾಡಿಗೆ ಹೆಸರಿಟ್ಟದ್ದೇ ಡ್ರಮ್ಮರ್ ಅಂತ, ಕರ್ತೃ ಮಾತ್ರ ಜೇಮ್ಸ್ ಬ್ರೌನ್. ಕ್ಲೈಡ್ ಸಂಬಳದವನು. ಹಾಡಿನ ಮಧ್ಯೆ ಉಳಿದವರೆಲ್ಲ ನಿಲ್ಲಿಸಿ, ಅವನೊಬ್ಬನೇ ಕೆಲವು ಸೆಕೆಂಡು ಬಾರಿಸ್ತಾನೆ. 1986ರಲ್ಲಿ ಅದು ಒಂದು ಸಂಕಲನದಲ್ಲಿ ಮತ್ತೆ ಬಂದಮೇಲೆ ಪಬ್ಲಿಕ್ ಎನಿಮಿ, ಎಲ್ಎಲ್ ಕೂಲ್ ಜೆ, ಇನ್ನೂ ನೂರಾರು ಜನ ಎತ್ತಿಕೊಂಡರು. ಕ್ಲೈಡ್‌ಗೆ ಒಂದು ಕಾಸೂ ಬರಲಿಲ್ಲ ಅಂತಲೇ ಹೇಳಬೇಕು.

ಹಾಗಾದರೆ ನಾನು ಇಷ್ಟಪಡೋ ಈ ಆಲ್ಬಮ್‌ಗಳು ಕಳ್ಳಮಾಲೇ?

ಸುಲಭವಾಗಿ ಹೌದು ಅನ್ನೋಕಾಗಲ್ಲ. ಈ ಹುಡುಗರು ಬಂದದ್ದು ಎಲ್ಲಿಂದ ನೋಡಿ. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿ ಅಂಚಿಗೆ ಬಂದು ಶಾಲೆಗಳ ಸಂಗೀತ ಪಾಠಕ್ಕೂ ಕತ್ತರಿ ಬಿತ್ತು. ವಾದ್ಯ ಇರಲಿಲ್ಲ, ಮನೆಯಲ್ಲಿ ಅಪ್ಪ ಅಮ್ಮನ ರೆಕಾರ್ಡುಗಳಿದ್ದವು. 1987ರಲ್ಲಿ ಬಂದ ಎಸ್‌ಪಿ 1200 ಅನ್ನೋ ಯಂತ್ರದಲ್ಲಿ ಒಟ್ಟು ಹತ್ತು ಸೆಕೆಂಡಿನಷ್ಟು ಶಬ್ದ ಹಿಡಿಸುತ್ತಿತ್ತು. ಜಾಗ ಸಾಲದೆ, 33ರ ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ಯಂತ್ರದಲ್ಲಿ ನಿಧಾನ ಮಾಡ್ತಿದ್ದರು. ಪಬ್ಲಿಕ್ ಎನಿಮಿಯ ನಿರ್ಮಾಪಕರು, ಬಾಂಬ್ ಸ್ಕ್ವಾಡ್ ಅಂತ ಅವರನ್ನು ಕರೀತಿದ್ದರು, ಇಂಥ ತುಣುಕುಗಳನ್ನು ಒಂದರ ಮೇಲೊಂದು ಪೇರಿಸಿ ಹೊಸದೊಂದು ಶಬ್ದವನ್ನೇ ಕಟ್ಟಿದರು. 1989ರಲ್ಲಿ ಡಿ ಲಾ ಸೋಲ್‌ನ ಮೂವರು ಹುಡುಗರು ಪ್ರಿನ್ಸ್ ಪಾಲ್ ಜೊತೆ ಸೇರಿ ‘3 ಫೀಟ್ ಹೈ ಅಂಡ್ ರೈಸಿಂಗ್’ ತಂದರು. ಅದರಲ್ಲಿ ಜಾನಿ ಕ್ಯಾಶ್ ಇದ್ದಾನೆ, ಸ್ಟೀಲಿ ಡ್ಯಾನ್ ಇದೆ, ಓಟಿಸ್ ರೆಡ್ಡಿಂಗ್‌ನ ಸಿಳ್ಳೆಯಿದೆ, ಫ್ರೆಂಚ್ ಕಲಿಸೋ ರೆಕಾರ್ಡಿನ ಪಾಠವೂ ಇದೆ. ಯಾರೂ ಕಿವಿಗೊಡದ ಮೂರು ಸೆಕೆಂಡನ್ನು ಇಷ್ಟು ಪ್ರೀತಿಯಿಂದ ಆಲಿಸಿದವರನ್ನು ಕಳ್ಳರು ಅನ್ನೋಕೆ ನನಗೆ ನಾಲಿಗೆ ಬರಲ್ಲ. ನಮ್ಮ ಮಾವನ ಎಡಗೈಯನ್ನು ಅಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ.

ಕಾನೂನಿಗೆ ಆ ಅಳುಕಿರಲಿಲ್ಲ. 1991ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶರೊಬ್ಬರು ಬಿಜ್ ಮಾರ್ಕಿ ಅನ್ನೋ ರ‍್ಯಾಪರ್ ವಿರುದ್ಧ ತೀರ್ಪು ಕೊಟ್ಟರು. ಗಿಲ್ಬರ್ಟ್ ಓ ಸುಲಿವನ್‌ನ ಹಾಡನ್ನು ಅನುಮತಿಯಿಲ್ಲದೆ ಬಳಸಿದ್ದು ತಪ್ಪು ಅಂತ. ಕದಿಯಬೇಡ ಅನ್ನೋ ಬೈಬಲ್ ಆಜ್ಞೆಯಿಂದಲೇ ಆ ತೀರ್ಪು ಶುರುವಾಗುತ್ತೆ. ಬಿಜ್ ಮಾರ್ಕಿ ತನ್ನ ಮುಂದಿನ ಆಲ್ಬಮ್‌ಗೆ ‘ಎಲ್ಲ ಸ್ಯಾಂಪಲ್‌ಗೂ ಅನುಮತಿ ಪಡೆದಿದೆ’ ಅನ್ನೋ ಅರ್ಥದ ಹೆಸರನ್ನೇ ಇಟ್ಟ, ಅದು ಬೇರೆ ತಮಾಷೆ. ಆಮೇಲೆ ಒಂದೊಂದು ತುಣುಕಿಗೂ ವಕೀಲರು, ಒಪ್ಪಂದ, ಶುಲ್ಕ. ಒಂದೇ ಹಾಡಲ್ಲಿ ಇಪ್ಪತ್ತು ತುಣುಕು ಹೆಣೆಯೋದು ಯಾರ ಕೈಗೂ ಎಟುಕದಂತಾಯಿತು. ಸುವರ್ಣಯುಗದ ಆ ದಟ್ಟ ಶಬ್ದ ತೆಳುವಾದದ್ದಕ್ಕೆ ಇದೂ ಒಂದು ಕಾರಣ.

ಇರಲಿ, ನ್ಯಾಯ ಸಿಕ್ಕಿತಲ್ಲ ಅನ್ನಬಹುದು. ಯಾರಿಗೆ? ಇಲ್ಲಿ ಎಲ್ಲ ನಿಯಮ ಪಾಲಿಸಿ ಮಾಡಿದ ಒಂದು ಹಾಡಿನ ಕಥೆ ಹೇಳ್ತೀನಿ. ಟ್ರೈಬ್‌ನವರು 1990ರ ತಮ್ಮ ಮೊದಲ ಆಲ್ಬಮ್‌ನಲ್ಲಿ ‘ಕ್ಯಾನ್ ಐ ಕಿಕ್ ಇಟ್?’ ಅನ್ನೋ ಹಾಡಿಗೆ ಲೂ ರೀಡ್‌ನ ‘ವಾಕ್ ಆನ್ ದ ವೈಲ್ಡ್ ಸೈಡ್’ನ ಬೇಸ್ ತೆಗೆದುಕೊಂಡರು. ಹಾಡಿನ ಹಣವೆಲ್ಲ ಲೂ ರೀಡ್‌ಗೆ ಹೋಯಿತು, ನಮಗೆ ಏನೂ ಬರಲಿಲ್ಲ ಅಂತ ಟ್ರೈಬ್‌ನ ಫೈಫ್ ಮುಂದೆ ಹೇಳಿಕೊಂಡ. ಆದರೆ ಆ ಬೇಸ್ ನುಡಿಸಿದ್ದು ಲೂ ರೀಡ್ ಅಲ್ಲ. ಹರ್ಬಿ ಫ್ಲವರ್ಸ್ ಅನ್ನೋ ಇಂಗ್ಲೆಂಡಿನ ಸ್ಟುಡಿಯೋ ವಾದಕ. ದೊಡ್ಡ ಡಬಲ್ ಬೇಸ್ ಮೇಲೆ ಒಂದು ಸಲ, ಎಲೆಕ್ಟ್ರಿಕ್ ಬೇಸ್ ಮೇಲೆ ಇನ್ನೊಂದು ಸಲ ನುಡಿಸೋ ಉಪಾಯವೂ ಅವನದೇ. ಎರಡು ವಾದ್ಯ ನುಡಿಸಿದರೆ ಎರಡರಷ್ಟು ಕೂಲಿ ಸಿಗ್ತಿತ್ತು ಅಂತ ಅವನೇ ತಮಾಷೆ ಮಾಡ್ತಿದ್ದ. ಅವನ ಪಾಲು ಅಷ್ಟೇ. ನಮ್ಮ ಮಾವನ ಕಾಲ್‌ಶೀಟ್ ನೆನಪಾಗುತ್ತೆ, ಅಲ್ವಾ?

ಕಾನೂನು ಎರಡು ಹಕ್ಕು ನೋಡುತ್ತೆ. ಹಾಡು ಬರೆದವನದು ಒಂದು, ಮುದ್ರಣದ ಒಡೆತನ ಇರೋ ಕಂಪನಿಯದು ಇನ್ನೊಂದು. ಎಡಗೈಗೆ ಅದರಲ್ಲಿ ಜಾಗವಿಲ್ಲ. ಅಂದರೆ ಪಬ್ಲಿಕ್ ಎನಿಮಿಯವರು ಪ್ರತಿ ಪೈಸೆ ಕಟ್ಟಿದ್ದರೂ ಕ್ಲೈಡ್‌ಗೆ ಹೋಗ್ತಿರಲಿಲ್ಲ. ಕದ್ದರೂ ಅವನಿಗಿಲ್ಲ, ಕೊಂಡರೂ ಅವನಿಗಿಲ್ಲ. ಇದು ನನಗೆ ಹೊಳೆದ ದಿನದಿಂದ, ಸ್ಯಾಂಪ್ಲಿಂಗ್ ಕಲೆಯೋ ಕಳ್ಳತನವೋ ಅನ್ನೋ ಚರ್ಚೆ ನಡೆದಾಗೆಲ್ಲ ಎರಡು ಕಡೆಯವರ ಮೇಲೂ ನನಗೆ ಅನುಮಾನ. ಇಬ್ಬರೂ ಜಗಳಾಡ್ತಿರೋದು ಮೂರನೆಯವನ ಸ್ವತ್ತಿಗೆ.

ಹೊಗಳಿಕೆಯೇ ಸಂಬಳ, ಈ ಹುಡುಗರು ಕದಿಯದಿದ್ದರೆ ಕ್ಲೈಡ್ ಹೆಸರು ಯಾರಿಗೆ ಗೊತ್ತಾಗ್ತಿತ್ತು ಅಂತ ಕೆಲವರು ವಾದಿಸ್ತಾರೆ. ನಾನೂ ಸ್ವಲ್ಪ ಕಾಲ ಹಾಗೇ ಸಮಾಧಾನ ಮಾಡ್ಕೊಂಡಿದ್ದೆ. ಕ್ಲೈಡ್ ಮ್ಯಾಡಿಸನ್ ಊರಲ್ಲಿ ನೆಲೆಸಿ ಅಲ್ಲೇ ಚಿಕ್ಕಪುಟ್ಟ ಕಾರ್ಯಕ್ರಮಗಳಲ್ಲಿ ಬಾರಿಸಿಕೊಂಡಿದ್ದ. ತನ್ನನ್ನು ಬಳಸಿಕೊಂಡಿದ್ದಕ್ಕೆ ಕೋಪವಿಲ್ಲ, ಕೊಡಬೇಕಾದ್ದನ್ನು ಕೊಡದಿರೋದು ಅಗೌರವ ಅಂತ ಸಂದರ್ಶನದಲ್ಲಿ ಹೇಳಿದ್ದ. ಕ್ಯಾನ್ಸರ್ ಬಂದಾಗ ಸುಮಾರು 90 ಸಾವಿರ ಡಾಲರಿನ ಆಸ್ಪತ್ರೆ ಬಿಲ್ಲನ್ನು ಗಾಯಕ ಪ್ರಿನ್ಸ್ ಗುಟ್ಟಾಗಿ ಕಟ್ಟಿದ. 2016ರಲ್ಲಿ ಪ್ರಿನ್ಸ್ ತೀರಿಹೋದ ಮೇಲಷ್ಟೇ ಆ ವಿಷಯ ಹೊರಬಂತು. ಮರುವರ್ಷ ಕ್ಲೈಡ್ ಕೂಡ ಹೋದ. ಒಬ್ಬ ದೊಡ್ಡ ಮನಸ್ಸಿನವನು ಸಿಕ್ಕಿದ್ದರಿಂದ ಸಾಲ ತೀರಿತು ಅನ್ನೋಕಾಗುತ್ತಾ?

ಇನ್ನು ನನ್ನ ಮಗನ ಫೋಲ್ಡರಿನ ‘ಅಮೆನ್’. 1969ರಲ್ಲಿ ದ ವಿನ್‌ಸ್ಟನ್ಸ್ ಅನ್ನೋ ತಂಡದ ಒಂದು ರೆಕಾರ್ಡಿನ ಹಿಂಬದಿಯಲ್ಲಿದ್ದ ‘ಅಮೆನ್, ಬ್ರದರ್’ನಿಂದ ಬಂದ ಸುಮಾರು ಏಳು ಸೆಕೆಂಡು ಅದು. ಎನ್‌ಡಬ್ಲ್ಯುಎ ತಂಡದ ‘ಸ್ಟ್ರೇಟ್ ಔಟ್ಟಾ ಕಾಂಪ್ಟನ್’ನಲ್ಲಿದೆ, ಇಂಗ್ಲೆಂಡಿನ ಜಂಗಲ್ ಸಂಗೀತಕ್ಕೆ ಅದೇ ಬೆನ್ನೆಲುಬು. ಬಾರಿಸಿದವನು ಗ್ರೆಗರಿ ಕೋಲ್ಮನ್. 2006ರಲ್ಲಿ ಅಟ್ಲಾಂಟಾದಲ್ಲಿ ಮನೆಮಠವಿಲ್ಲದೆ ಸತ್ತ. ಹಾಡಿನ ಹಕ್ಕಿದ್ದ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ 2015ರಲ್ಲಿ ಇಂಗ್ಲೆಂಡಿನ ಡಿಜೆಗಳು ಅಂತರ್ಜಾಲದಲ್ಲಿ ಚಂದಾ ಎತ್ತಿ 24 ಸಾವಿರ ಪೌಂಡ್ ಕೊಟ್ಟರು. ಒಳ್ಳೇ ಕೆಲಸವೇ. ಆ ಹೊತ್ತಿಗೆ ಕೋಲ್ಮನ್ ಹೋಗಿ ಒಂಬತ್ತು ವರ್ಷ.

ನಮ್ಮ ಹಳಗನ್ನಡ ಕವಿಗಳು ಕಾವ್ಯ ಶುರುಮಾಡೋ ಮುಂಚೆ ಪೂರ್ವಕವಿಗಳನ್ನು ನೆನೀತಿದ್ದರು. ವಸ್ತು ಹಳೆಯದೇ, ನನಗಿಂತ ಮುಂಚೆ ಕೈಯಾಡಿಸಿದವರಿದ್ದಾರೆ ಅಂತ ಒಪ್ಪಿಕೊಳ್ಳೋ ಮರ್ಯಾದೆ ಅದು. ಹಿಪ್‌ಹಾಪ್‌ನವರಲ್ಲೂ ಆ ಮರ್ಯಾದೆ ಉಳ್ಳವರಿದ್ದರು. ಟ್ರೈಬ್ 1991ರ ‘ದ ಲೋ ಎಂಡ್ ಥಿಯರಿ’ಗೆ ಜಾಝ್ ದಿಗ್ಗಜ ರಾನ್ ಕಾರ್ಟರ್‌ನನ್ನೇ ಸ್ಟುಡಿಯೋಗೆ ಕರೆಸಿ ಒಂದು ಹಾಡಿಗೆ ಬೇಸ್ ನುಡಿಸಿಸಿದರು, ಹಾಡಿನೊಳಗೇ ಅವನ ಹೆಸರು ಹೇಳಿದರು. ‘ಇಲ್‌ಮ್ಯಾಟಿಕ್’ನಲ್ಲಿ ನ್ಯಾಸ್‌ನ ಅಪ್ಪ ಓಲು ದಾರಾ ಬಂದು ಕಾರ್ನೆಟ್ ಊದುತ್ತಾನೆ. ಹಾಗಂತ ನಮ್ಮ ಕವಿಗಳೂ ನೆನೆದದ್ದು ಕವಿಗಳನ್ನೇ. ರಾತ್ರಿಯೆಲ್ಲ ಕೂತು ತಾಳೆಗರಿ ಕೊರೆದವನ ಹೆಸರು ಎಷ್ಟು ಕಾವ್ಯಗಳ ಆರಂಭದಲ್ಲಿದೆ?

ಡಿ ಲಾ ಸೋಲ್ ಪಟ್ಟ ಪಾಡು ಇನ್ನೊಂದು. ಸ್ಯಾಂಪಲ್ ತಕರಾರು, ಕಂಪನಿಗಳ ಜಗ್ಗಾಟದಲ್ಲಿ ಅವರ ಆಲ್ಬಮ್ 34 ವರ್ಷವಾದರೂ ಸ್ಟ್ರೀಮಿಂಗ್‌ಗೆ ಬಂದಿರಲಿಲ್ಲ. ಕೊನೆಗೆ 2023ರ ಮಾರ್ಚ್ 3ಕ್ಕೆ ಬಂತು. ಮೂವರಲ್ಲೊಬ್ಬನಾದ ಟ್ರೂಗಾಯ್ ಫೆಬ್ರವರಿ 12ಕ್ಕೆ ತೀರಿಹೋಗಿದ್ದ. ಎತ್ತಿಕೊಂಡವನೂ ಕೊನೆಗೆ ಕ್ಲೈಡ್ ಕೂತ ಬೆಂಚಿನಲ್ಲೇ ಬಂದು ಕೂತ. ಬಂದ ದಿನ ರಾತ್ರಿ ನಾನು ಒಬ್ಬನೇ ಕೂತು ಪೂರ್ತಿ ಕೇಳಿದೆ. ಖುಷಿಯಾಯಿತು. ಆ ಖುಷಿಗೆ ನನಗೆ ಹಕ್ಕಿದೆಯಾ ಅಂತ ಕೇಳಿದರೆ ಉತ್ತರ ಗೊತ್ತಿಲ್ಲ, ಬಿಡೋಕೂ ಆಗಲ್ಲ.

ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು ಕೇಳಿದ. “ಸರಿ ಅಪ್ಪ, ಹಾಡಿನ ಕೆಳಗೆ ಕೋಲ್ಮನ್ ಹೆಸರು ಹಾಕ್ತೀನಿ. ದುಡ್ಡು ಯಾರಿಗೆ ಕೊಡ್ಲಿ?” ಸ್ಪೆನ್ಸರ್ ಕೂಡ 2020ರಲ್ಲಿ ತೀರಿಕೊಂಡ. ನನ್ನ ಹತ್ತಿರ ವಿಳಾಸ ಇರಲಿಲ್ಲ.

ಆಮೇಲೆ ಅವನೇ, “ಅಜ್ಜಿ ತಮ್ಮ ಬಾರಿಸಿದ್ದು ಯಾವ ಹಾಡು? ಯೂಟ್ಯೂಬಲ್ಲಿ ಇರುತ್ತೆ, ಹುಡುಕೋಣ. ಅದರಿಂದ ಒಂದು ತುಣುಕು ತಗೊಂಡು ಅವರ ಹೆಸರೇ ಹಾಕ್ತೀನಿ,” ಅಂದ.

ಅವತ್ತು ಮದುವೆ ಊಟದಲ್ಲಿ ಮಾವ ಸಿನಿಮಾ ಹೆಸರನ್ನೂ ಹೇಳಿದ್ದ. ಸುತ್ತ ನಗು ಜೋರಾಗಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಮಾವ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಸಂಜೆವರೆಗೂ ಇಬ್ಬರೂ ಕೂತು ಎಪ್ಪತ್ತರ ದಶಕದ ಹಾಡುಗಳನ್ನು ಒಂದೊಂದಾಗಿ ಹಾಕಿ ನೋಡಿದ್ವಿ. ಡೋಲಕ್ ಬಂದ ಕಡೆಯೆಲ್ಲ ಮಗ ನಿಲ್ಲಿಸಿ, “ಇದಾ ಅಪ್ಪ?” ಅಂತ ಕೇಳ್ತಿದ್ದ.