ಯಾರು ಸರಿಯಬೇಕು?

ಎದುರಾಬದರು ಬರುವ ಇಬ್ಬರು ಮನುಷ್ಯರು ಡಿಕ್ಕಿ ಹೊಡೆಯದೆ ಹೇಗೆ ದಾಟಿ ಹೋಗುತ್ತಾರೆ? ನಮ್ಮ ಕೇರಿಯ ಮುದುಕರನ್ನು ಕೇಳಿದರೆ ನಗುತ್ತಾರೆ. 'ಇದೂ ಒಂದು ಕೇಳೋ ಮಾತಾ? ನಾವು ಸರ್ಕೋತೀವಿ, ಅವ್ರು ಹೋಯ್ತಾರೆ.'

ಆದರೆ ವಿಜ್ಞಾನಿಗಳು ಕೇಳಿದ್ದಾರೆ. ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ ರೈಲು ನಿಲ್ದಾಣದಲ್ಲಿ ಸುಮಾರು 50 ಲಕ್ಷ ನಡಿಗೆಗಳ ಜಾಡನ್ನು ಯಂತ್ರದ ಕಣ್ಣಿನಿಂದ ಹಿಡಿದು, 2018ರಲ್ಲಿ ಅದರ ಲೆಕ್ಕ ಪ್ರಕಟಿಸಿದರು. ಜಪಾನಿನಲ್ಲಿ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಎದುರುಬದುರು ನಡೆಸಿದರು. ಒಂದು ಗುಂಪಿನ ಮುಂದಿನ ಮೂವರ ಕೈಗೆ ಫೋನು ಕೊಟ್ಟು ಲೆಕ್ಕ ಮಾಡಲು ಹೇಳಿದರು. ಎಲ್ಲರ ನಡಿಗೆಯೂ ಕುಂಟಿತು. ಫೋನು ನೋಡುತ್ತಿದ್ದವರಷ್ಟೇ ಅಲ್ಲ, ಕಣ್ಣು ಬಿಟ್ಟುಕೊಂಡು ಎದುರು ಬರುತ್ತಿದ್ದವರೂ ತಡವರಿಸಿದರು. 2021ರಲ್ಲಿ ಪ್ರಕಟವಾದ ಈ ಪ್ರಯೋಗದ ಸಾರ ಇಷ್ಟೆ: ಡಿಕ್ಕಿ ತಪ್ಪಿಸುವುದು ಒಬ್ಬನ ಕೆಲಸವಲ್ಲ. ನಾನು ನಿನ್ನ ಹೆಜ್ಜೆ ಓದಬೇಕು, ನೀನು ನನ್ನ ಹೆಜ್ಜೆ ಓದಬೇಕು.

ಇದನ್ನು ಓದಿದಾಗ ಅಪ್ಪ ನೆನಪಾದ. ಊರಬೀದಿಯಲ್ಲಿ ಯಜಮಾನ ಬರುವುದು ಕಂಡರೆ ಅಪ್ಪ ಮೆಟ್ಟು ಕೈಗೆತ್ತಿಕೊಂಡು ಚರಂಡಿ ಪಕ್ಕ ನಿಲ್ಲುತ್ತಿದ್ದ. ಆತ ಒಂದು ದಿನವೂ ಕಣ್ಣೆತ್ತಿ ನೋಡಿದವನಲ್ಲ. ಅವನ ಕೈಯಲ್ಲಿ ಫೋನಿರಲಿಲ್ಲ, ತಲೆಯಲ್ಲಿ ಜಾತಿಯಿತ್ತು. ಆದರೂ ಬೀದಿಯಲ್ಲಿ ಡಿಕ್ಕಿಯಾಗಲಿಲ್ಲ. ಯಾಕೆಂದರೆ ಇಬ್ಬರು ಮಾಡಬೇಕಾದ ಲೆಕ್ಕವನ್ನು ಅಪ್ಪ ಒಬ್ಬನೇ ಮಾಡುತ್ತಿದ್ದ. ಹೊಲದ ಬಿಟ್ಟಿಚಾಕರಿ ಎಲ್ಲರಿಗೂ ಗೊತ್ತು. ದಾರಿಯ ಈ ಬಿಟ್ಟಿಚಾಕರಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಇದೇನು ನಿನ್ನೆ ಮೊನ್ನೆಯದಲ್ಲ. 5ನೇ ಶತಮಾನದ ಆರಂಭದಲ್ಲಿ ಇಲ್ಲಿ ತಿರುಗಾಡಿದ ಚೀನಾದ ಫಾಹಿಯಾನ್, ಚಂಡಾಲರು ಪೇಟೆಗೆ ಬಂದರೆ ಮರದ ತುಂಡು ಬಡಿದು ಸದ್ದು ಮಾಡಬೇಕಿತ್ತೆಂದು ಬರೆದಿಟ್ಟಿದ್ದಾನೆ. ವೈಕಂ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಬರೀ ನಡೆಯುವುದಕ್ಕಾಗಿ 1924ರ ಮಾರ್ಚ್ 30ರಂದು ಸತ್ಯಾಗ್ರಹ ಶುರುವಾಯಿತು. 1925ರಲ್ಲಿ ಅದು ಮುಗಿದಾಗಲೂ ಪೂರ್ವದ ದಾರಿ ತೆರೆದಿರಲಿಲ್ಲ. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆಗಳ ಜೊತೆಗೆ 'ರಸ್ತೆ' ಎಂಬ ಮಾತು ಸುಮ್ಮನೆ ಬಂದು ಕೂತಿಲ್ಲ.

'ದೊಡ್ಡೋರಿಗೆ ದಾರಿ ಬಿಡೋದು ಸಂಸ್ಕಾರ ಅಲ್ವೇನಪ್ಪಾ?' ಎಂದು ಒಬ್ಬರು ಮೇಷ್ಟ್ರು ನನ್ನನ್ನು ಕೇಳಿದರು. ಹೌದು ಸ್ವಾಮಿ, ಸಂಸ್ಕಾರವೇ. ಆದರೆ ಬಿಡದೇ ಇರಬಲ್ಲವನು ಬಿಟ್ಟರೆ ಅದು ವಿನಯ. ಬಿಡದಿದ್ದರೆ ಬೆನ್ನ ಮೇಲೆ ಬಾರುಕೋಲು ಬೀಳುತ್ತದೆಂದು ಬಿಟ್ಟರೆ ಅದು ಭಯ. ನಮ್ಮ ಭಯಕ್ಕೆ ವಿನಯವೆಂದು ಹೆಸರಿಟ್ಟವರು ಯಾರು?

'ಹಂಗಾದ್ರೆ ಇನ್ಮೇಲೆ ನಾವು ಸರಿಯೋದೇ ಇಲ್ಲ' ಅನ್ನುತ್ತಾರೆ ನಮ್ಮ ಹುಡುಗರು. ಆ ಸಿಟ್ಟು ನ್ಯಾಯವಾದದ್ದು, ನಾನೂ ಎದೆಯುಬ್ಬಿಸಿ ನಡೆದವನೇ. ಆದರೆ ಒಂದು ಮಧ್ಯಾಹ್ನ ಕೇರಿಯ ಓಣಿಯಲ್ಲಿ ಬರುತ್ತಿದ್ದೆ. ಎದುರಿಗೆ ಅವ್ವ, ತಲೆ ಮೇಲೆ ಸೌದೆ ಹೊರೆ. ನನ್ನನ್ನು ಕಂಡು ಬೇಲಿಗೆ ಒತ್ತಿಕೊಂಡು ನಿಂತಳು. ನಾನು ದಾಟಿ ಹೋದೆ. ನಾಲ್ಕು ಹೆಜ್ಜೆ ಹೋದ ಮೇಲೆ ತಿಳಿಯಿತು: ಚರಂಡಿ ಪಕ್ಕ ಅಪ್ಪ ನಿಂತಿದ್ದಾಗ ದಾಟಿ ಹೋದ ಆ ಯಜಮಾನ ಈಗ ನನ್ನ ಕಾಲಲ್ಲಿ ನಡೆಯುತ್ತಿದ್ದಾನೆ. ಹೊರೆ ಹೊತ್ತವಳು ಸರಿದಳು, ಕೈಬೀಸಿಕೊಂಡು ಬಂದವನು ಸರಿಯಲಿಲ್ಲ.

ಆದ್ದರಿಂದ ಗೆಳೆಯರೇ, ನಮ್ಮ ಜಗಳ ದಾರಿಯ ನಡುವನ್ನು ಹಿಡಿಯುವುದಕ್ಕಲ್ಲ. ಅದನ್ನು ಹಿಡಿದವರು ಹೇಗಾದರೆಂದು ನೋಡಿದ್ದೇವೆ. ನಮ್ಮ ಜಗಳ ಎದುರು ಬರುವವನು ಕಣ್ಣೆತ್ತಿ ನೋಡಲಿ ಎಂಬುದಕ್ಕೆ. ಅವನು ಅರ್ಧ ಹೆಜ್ಜೆ ಸರಿಯಲಿ, ನಾನು ಅರ್ಧ ಹೆಜ್ಜೆ ಸರಿಯುತ್ತೇನೆ. ಹೊರೆ ಹೊತ್ತವರು ಬಂದರೆ ಇಬ್ಬರೂ ಪೂರ್ತಿ ಸರಿಯೋಣ.