ಎಂಬತ್ತರ ಮೇಲಿನ ಇಪ್ಪತ್ತು

ಊಟದ ಎಲೆಯ ಮುಂದೆ ‘ಸಾಕು’ ಎನ್ನುವ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ಬಡಿಸುವವರು ಒತ್ತಾಯ ಮಾಡಿದರೂ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ. ಅದೇ ಮಾತು ಬೇರೆ ಕಡೆ ನನ್ನ ನಾಲಿಗೆಗೆ ಬರುವುದಿಲ್ಲ ಎಂದು ತಿಳಿದದ್ದು ಕಳೆದ ವರ್ಷ, ಶಿರಾದ ಬಳಿ ಹೆದ್ದಾರಿಯ ಪಕ್ಕದ ಒಂದು ಚಾರ್ಜಿಂಗ್ ಸ್ಟೇಷನ್ನಿನಲ್ಲಿ.

ನಾವು ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಮರಳುತ್ತಿದ್ದೆವು. ನಮ್ಮದು ಬ್ಯಾಟರಿ ಕಾರು. ಮನೆಯಲ್ಲಿ ರಾತ್ರಿಯೆಲ್ಲ ಪ್ಲಗ್ ಹಾಕಿಟ್ಟರೆ ಬೆಳಗಿನ ಹೊತ್ತಿಗೆ ತುಂಬಿರುತ್ತದೆ. ದೂರ ಹೋದಾಗ ಮಾತ್ರ ದಾರಿಯ ಫಾಸ್ಟ್ ಚಾರ್ಜರ್ ಬೇಕು. ಮನೆಯ ವಿದ್ಯುತ್ತನ್ನು ಬ್ಯಾಟರಿಗೆ ಒಗ್ಗುವ ನೇರ ವಿದ್ಯುತ್ತಾಗಿ ಬದಲಿಸುವ ಕೆಲಸವನ್ನು ಕಾರಿನೊಳಗಿನ ಚಿಕ್ಕ ಉಪಕರಣ ನಿಧಾನವಾಗಿ ಮಾಡುತ್ತದೆ. ಫಾಸ್ಟ್ ಚಾರ್ಜರಿನಲ್ಲಿ ಅದೇ ಕೆಲಸವನ್ನು ಹೊರಗೆ ನಿಂತ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಮಾಡುತ್ತದೆ. ಆದರೆ ಆ ವೇಗವೆಲ್ಲ ಸುಮಾರು ಎಂಬತ್ತರವರೆಗೆ. ಕೊಡದ ಕಂಠದ ಹತ್ತಿರ ನೀರು ಬಂದಾಗ ನಾವು ನಲ್ಲಿಯನ್ನು ಸಣ್ಣ ಮಾಡುತ್ತೇವಲ್ಲ, ಹಾಗೆಯೇ ಬ್ಯಾಟರಿಗೆ ಪೆಟ್ಟಾಗದಿರಲೆಂದು ಕಾರು ತಾನೇ ಧಾರೆಯನ್ನು ತಗ್ಗಿಸುತ್ತದೆ. ಎಂಬತ್ತರವರೆಗೆ ಮುಕ್ಕಾಲು ಗಂಟೆ ಹಿಡಿದರೆ, ಉಳಿದ ಇಪ್ಪತ್ತಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ನಮ್ಮ ಹಿಂದೆ ಒಂದು ಟ್ಯಾಕ್ಸಿ ಬಂದು ನಿಂತಿತು. ಕೆಲಸ ಮಾಡುತ್ತಿದ್ದ ಗನ್ ಅಲ್ಲಿ ಒಂದೇ. ಡ್ರೈವರ್ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹತ್ತಿರ ಬಂದ.

“ಎಷ್ಟಾಯ್ತಮ್ಮಾ?”

“ಎಂಬತ್ತೆರಡು.”

“ಇನ್ನೂ ಹಾಕ್ತೀರಾ?”

“ಪೂರ್ತಿ ತುಂಬಿಸ್ತೀವಪ್ಪ. ದುಡ್ಡು ಕೊಡ್ತೀವಲ್ಲ” ಎಂದೆ. ಇವರು ನನ್ನ ಮುಖ ನೋಡಿದರು, ಮಾತನಾಡಲಿಲ್ಲ. ಹುಡುಗ “ಆಯ್ತಮ್ಮಾ” ಎಂದು ಹೋಗಿ ಬೇವಿನ ಮರದಡಿ ಕುಳಿತ. ಅವನು ಜಗಳವಾಡಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲವೇನೋ.

ಕುಳಿತಲ್ಲಿಂದಲೇ ಅವನು ಇವರೊಡನೆ ಮಾತಿಗೆ ತೊಡಗಿದ. ಅವನದು ಬಾಡಿಗೆಯ ಮನೆ. ಕಾರು ನಿಲ್ಲುವುದು ಬೀದಿಯಲ್ಲಿ. ಮಹಡಿಯಿಂದ ವೈರು ಇಳಿಸಲು ಮಾಲೀಕರು ಒಪ್ಪುವುದಿಲ್ಲ. ಅವನಿಗೆ ಇಂಥ ಸ್ಟೇಷನ್ನುಗಳೇ ಗತಿ. ಇಲ್ಲಿ ಯೂನಿಟ್ಟಿನ ದರ ಮನೆಗಿಂತ ಹೆಚ್ಚು. ಕಾಯುವ ಹೊತ್ತಿಗೆ ಬಾಡಿಗೆಯೂ ಹೋಗುತ್ತದೆ. ನನಗೆ ವರ್ಷಕ್ಕೆ ನಾಲ್ಕು ಸಲದ ಅನುಕೂಲ, ಅವನಿಗೆ ದಿನದ ಅನ್ನ. ಇದನ್ನು ಕೇಳಿಸಿಕೊಂಡೂ ನಾನು ಗನ್ ತೆಗೆಯಲಿಲ್ಲ. ನೂರಾಯಿತು, ಹೊರಟೆವು. ಸುಮಾರು 80 ಕಿಲೋಮೀಟರ್ ಓಡಿ ಮನೆ ಮುಟ್ಟಿದಾಗ ಕಾರಿನಲ್ಲಿ ಅರವತ್ತೆಂಟು ಉಳಿದಿತ್ತು. ಎಂಬತ್ತೆರಡಕ್ಕೇ ಬಿಟ್ಟು ಬಂದಿದ್ದರೂ ಐವತ್ತು ಮಿಗುತ್ತಿತ್ತು. ಆ ಅರವತ್ತೆಂಟು ರಾತ್ರಿಯಿಡೀ ನನ್ನ ಕಣ್ಣ ಮುಂದಿತ್ತು.

ನಾನು ಅಷ್ಟು ಕೆಟ್ಟವಳೇ? ಹಾಗೆ ಕೇಳಿಕೊಂಡಾಗ ನೆನಪಾದದ್ದು ಅಮ್ಮ. ನಮ್ಮ ಬೀದಿಗೆಲ್ಲ ಒಂದೇ ನಲ್ಲಿ. ದಿನವೂ ನೀರು ಬರುತ್ತಿದ್ದ ಕಾಲದಲ್ಲಿ ಅಮ್ಮ ಒಳಗಿನಿಂದಲೇ ಕೂಗುತ್ತಿದ್ದಳು: “ಎರಡು ಕೊಡ ಆಯ್ತೇನೇ? ಬಿಟ್ಟು ಬಾ, ಹಿಂದೆ ಜನ ಇದ್ದಾರೆ.” 1985ರ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬರತೊಡಗಿತು. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಗ ಅದೇ ಅಮ್ಮ ನನ್ನ ಕೈಗೆ ಇನ್ನೊಂದು ಕೊಡ ಕೊಟ್ಟು, “ಅಜ್ಜಿ ಮನೆಯದು ಅನ್ನು” ಎಂದು ಮತ್ತೆ ಸಾಲಿಗೆ ಕಳಿಸಿದಳು. ಆಮೇಲೆ ಬೀದಿಗೆ ಬೋರಿಂಗ್ ಬಂತು. ಅಮ್ಮನ ಔದಾರ್ಯವೂ ಹಿಂದಿರುಗಿತು. ನಡುವೆ ಬದಲಾದದ್ದು ಅಮ್ಮನೇ, ನೀರೇ?

ನನ್ನ ಹಟದ ಹಿಂದೆಯೂ ಒಂದು ಭಯವಿತ್ತು. ಹಿಂದೊಮ್ಮೆ ಫೋನಿನಲ್ಲಿ ಸರಿಯಿದೆಯೆಂದು ತೋರಿಸಿದ ಸ್ಟೇಷನ್ನು ಹೋಗಿ ನೋಡಿದರೆ ಸತ್ತು ಮಲಗಿತ್ತು. ರಾತ್ರಿ ಒಂಬತ್ತಕ್ಕೆ ಯಾರದೋ ಹೋಟೆಲಿನ ಪ್ಲಗ್ಗಿಗೆ ಕೈಮುಗಿದಿದ್ದೆವು. ಅಂದಿನಿಂದ ಸಿಕ್ಕಲ್ಲಿ ತುಂಬಿಸಿಕೊಳ್ಳುವ ಬುದ್ಧಿ ಬಂತು. ದೇಶದಲ್ಲಿ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಹೆದ್ದಾರಿಯ ಎರಡೂ ಬದಿಗೆ 25 ಕಿಲೋಮೀಟರಿಗೊಂದು ಸ್ಟೇಷನ್ ಇರಬೇಕೆಂದು ಕೇಂದ್ರದ ಮಾರ್ಗಸೂಚಿ 2018ರಲ್ಲಿಯೇ ಹೇಳಿತು. ಹೇಳುವುದು ಸುಲಭ. 60 ಕಿಲೋವಾಟಿನ ಒಂದೇ ಯಂತ್ರ, ತಲಾ 3 ಕಿಲೋವಾಟ್ ಮಂಜೂರಾದ ಇಪ್ಪತ್ತು ಮನೆಗಳಷ್ಟು ವಿದ್ಯುತ್ ಎಳೆಯುತ್ತದೆ. ಅದಕ್ಕೆ ಟ್ರಾನ್ಸ್‌ಫಾರ್ಮರ್ ಬೇಕು, ಜಾಗ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕೆಟ್ಟರೆ ಮರುದಿನವೇ ಬಂದು ರಿಪೇರಿ ಮಾಡುವವರು ಬೇಕು. ಮುಂದಿನ ಊರಿನಲ್ಲೂ ಸಿಗುತ್ತದೆ ಎಂಬ ನಂಬಿಕೆಯಿದ್ದರೆ ‘ಸಾಕು’ ಎನ್ನುವುದು ಕಷ್ಟವಲ್ಲ. ಅಂಥ ನಂಬಿಕೆಯನ್ನು ಕಟ್ಟಿಕೊಡುವುದೂ ಧರ್ಮದ ಕೆಲಸವೇ ಎಂದು ನನಗನ್ನಿಸುತ್ತದೆ. ಅರವಟ್ಟಿಗೆ ಇಟ್ಟವರು, ಸಾಲುಮರ ನೆಟ್ಟವರು ಮಾಡಿದ್ದೂ ಅದನ್ನೇ.

ದಂಡ ಹಾಕಿದರೆ ಸರಿಹೋದೀತು ಎನ್ನುವವರಿದ್ದಾರೆ. ಅಮೆರಿಕದಲ್ಲಿ ಟೆಸ್ಲಾ ಕಂಪೆನಿ 2023ರಲ್ಲಿ, ನೂಕುನುಗ್ಗಲಿನ ಕೆಲವು ಸ್ಟೇಷನ್ನುಗಳಲ್ಲಿ ಒಂದು ಮಟ್ಟ ದಾಟಿ ತುಂಬಿಸುವವರಿಂದ ನಿಮಿಷದ ಲೆಕ್ಕದಲ್ಲಿ ಹೆಚ್ಚು ಹಣ ಪಡೆಯಲಾರಂಭಿಸಿತು. ಅದರಿಂದ ಸಾಲು ಬೇಗ ಸರಿಯಬಹುದು. ಆದರೆ ನಾನು ಅಂದು ಆಡಿದ್ದೇ ‘ದುಡ್ಡು ಕೊಡ್ತೀವಲ್ಲ’ ಎಂಬ ಮಾತು. ದಂಡವಿದ್ದಿದ್ದರೆ ಅದನ್ನೂ ಕೊಟ್ಟು ಇನ್ನಷ್ಟು ನೆಮ್ಮದಿಯಿಂದ ಕೂರುತ್ತಿದ್ದೆ.

ಹಾಗೆಂದು ಎಲ್ಲವನ್ನೂ ವ್ಯವಸ್ಥೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲೂ ಆಗದು. ಬರದ ಬೇಸಿಗೆಯಲ್ಲೂ ನಮ್ಮ ಬೀದಿಯಲ್ಲಿ ಎರಡೇ ಕೊಡಕ್ಕೆ ಪಕ್ಕಕ್ಕೆ ಸರಿದ ಹೆಂಗಸರಿದ್ದರು. ಅವರಿಗೂ ಮನೆಯಲ್ಲಿ ಮಕ್ಕಳಿದ್ದರು. ವ್ಯವಸ್ಥೆ ಸರಿಹೋಗುವವರೆಗೆ ಸಾಲನ್ನು ಸಾಲಾಗಿ ಉಳಿಸುವವರು ಅಂಥವರೇ.

ಮೊನ್ನೆ ಅದೇ ಹಾದಿಯಲ್ಲಿ ಬಂದೆವು. ಹಿಂದೆ ಇಬ್ಬರು ಕಾಯುತ್ತಿದ್ದರು. ಎಂಬತ್ತಾದ ಕೂಡಲೇ “ಸಾಕು, ತೆಗೀರಿ” ಎಂದೆ. ಹಿರಿಯೂರು ದಾಟುವವರೆಗೂ ನನ್ನ ಕಣ್ಣು ಆ ಅಂಕಿಯ ಮೇಲೇ ಇತ್ತು. ಇವರು ನೋಡಿ ನಕ್ಕರು. ಭಯ ಹೋಗಿರಲಿಲ್ಲ, ನಿಜ. ಆದರೆ ಮನೆ ಮುಟ್ಟಿದೆವು.