ಗೋವಿನ ಪ್ರಯಾಣವೂ ಗೃಹಸ್ಥನ ಧರ್ಮವೂ

॥ ಶ್ರೀ ಹರಿವಾಯುಗುರುಭ್ಯೋ ನಮಃ ॥



ಮಾಘಮಾಸದ ಶುಕ್ಲಪಕ್ಷವು ನಮಗೆ ಅತ್ಯಂತ ಪುಣ್ಯಕರವಾದ ಕಾಲ. ಸಪ್ತಮಿಯಂದು ಸೂರ್ಯಾಂತರ್ಗತನಾದ ನಾರಾಯಣನಿಗೆ ಅರ್ಘ್ಯ, ಅಷ್ಟಮಿಯಂದು ಭೀಷ್ಮಾಚಾರ್ಯರಿಗೆ ತರ್ಪಣ, ನವಮಿಯಂದು ಶ್ರೀಮದಾಚಾರ್ಯರ ಬದರಿಕಾಶ್ರಮ ಪ್ರವೇಶದ ಸ್ಮರಣೆ. ನಮ್ಮ ಜಿಲ್ಲೆಯಲ್ಲಿ ಇದು ದನಗಳ ಜಾತ್ರೆಯ ಕಾಲವೂ ಹೌದು. ರಥಸಪ್ತಮಿಯ ಸುಮಾರಿಗೆ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ಹಳ್ಳಿಕಾರ್ ಹೋರಿಗಳು ಸಾಲುಗಟ್ಟಿ ನಿಲ್ಲುತ್ತವೆ. ವ್ಯಾಪಾರ ಮುಗಿದೊಡನೆ ಅವು ಲಾರಿ, ಟೆಂಪೋಗಳನ್ನು ಏರುತ್ತವೆ. ಮದ್ದೂರು-ಮಂಡ್ಯಗಳ ನಡುವಣ ನಮ್ಮ ಹನಕೆರೆಯ ಹೆದ್ದಾರಿಯಲ್ಲಿ ವರ್ಷವಿಡೀ ಇಂತಹ ವಾಹನಗಳನ್ನು ಕಾಣದವರಾರು? ಕೊರಳ ಹಗ್ಗವನ್ನು ಗಿಡ್ಡವಾಗಿ ಬಿಗಿಸಿಕೊಂಡು, ಒಂದರ ಕೊಂಬು ಮತ್ತೊಂದರ ಪಕ್ಕೆಗೆ ತಾಗುವಂತೆ ನಿಂತ ಆ ಮೂಕಜೀವಿಗಳ ವಿಷಯದಲ್ಲಿ ನಮ್ಮ ಕರ್ತವ್ಯವೇನೆಂಬುದನ್ನು ಈ ಪರ್ವಕಾಲದಲ್ಲಿ ವಿಚಾರಿಸೋಣ.

ಶ್ರೀ ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವರ್ಣಿಸಿದ ಬಾಲಲೀಲೆಯೊಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಪರಿಚಿತವಾದುದು. ಪಾಜಕದಲ್ಲಿ ಶಿಶುವಾಗಿದ್ದ ವಾಸುದೇವನು ಮನೆಯ ಹೋರಿಯ ಬಾಲವನ್ನು ಹಿಡಿದು ಅದು ಹೋದಲ್ಲೆಲ್ಲ ಹೋದನು. ಹಿರಿಯರು ಹುಡುಕಿ ಬಳಲಿದರು. ಸಂಜೆಗೆ ಹೋರಿಯೊಡನೆಯೇ ಮಗುವು ಮನೆಗೆ ಮರಳಿತು. ಜೀವೋತ್ತಮರಾದ ವಾಯುದೇವರು ಪಶುವಿನ ಬಾಲವನ್ನು ಹಿಡಿದದ್ದು ಹೀಗೆ. ಇಂದು ಲಾರಿ ಹತ್ತಲು ಹೆದರಿದ ದನದ ಬಾಲವನ್ನು ಹಿಡಿಯುವುದು ತಿರುಚುವುದಕ್ಕಾಗಿ. ಎರಡು ಹಿಡಿತಗಳ ನಡುವಣ ಅಂತರವೇ ಧರ್ಮಾಧರ್ಮಗಳ ಅಂತರವೆಂದು ನಾವು ತಿಳಿಯಬೇಕು.

ನಮ್ಮ ಸಿದ್ಧಾಂತದಲ್ಲಿ ಜೀವರು ಸತ್ಯ, ಅವರ ಸುಖದುಃಖಗಳೂ ಸತ್ಯ. ಪ್ರತಿಯೊಂದು ಜೀವನೊಳಗೂ ಶ್ರೀಹರಿಯು ಬಿಂಬರೂಪಿಯಾಗಿ ನೆಲೆಸಿದ್ದಾನೆ. ಮುಖ್ಯಪ್ರಾಣದೇವರು ಸಕಲ ಜೀವರೊಳಗೆ ನಿಂತು ದಿನವೊಂದಕ್ಕೆ ೨೧,೬೦೦ ಶ್ವಾಸರೂಪದ ಹಂಸಮಂತ್ರ ಜಪವನ್ನು ನಡೆಸುತ್ತಾರೆಂದು ನಾವು ನಿತ್ಯವೂ ಅನುಸಂಧಾನ ಮಾಡುತ್ತೇವೆ. ಗಾಳಿಯಾಡದಂತೆ ಟಾರ್ಪಾಲು ಮುಚ್ಚಿದ ವಾಹನದಲ್ಲಿ ಏದುಸಿರು ಬಿಡುವ ಗೋವಿನೊಳಗೂ ಆ ಜಪವೇ ನಡೆದಿದೆಯಲ್ಲವೇ? ಯಜ್ಞದಲ್ಲಿಯೂ ಪಶುವಿಗೆ ಬದಲಾಗಿ ಪಿಷ್ಟಪಶುವನ್ನು ಸ್ವೀಕರಿಸಿದ ಸಂಪ್ರದಾಯ ನಮ್ಮದು. ಯಜ್ಞಕ್ಕಾಗಿಯೂ ಪಶುಹಿಂಸೆಗೆ ಒಪ್ಪದ ನಾವು, ಕೇವಲ ಬಾಡಿಗೆಯ ಉಳಿತಾಯಕ್ಕಾಗಿ ಆಗುವ ಹಿಂಸೆಗೆ ಒಪ್ಪಬಹುದೇ?

"ಪಶುವು ತನ್ನ ಪ್ರಾರಬ್ಧವನ್ನು ಅನುಭವಿಸುತ್ತದೆ, ನಾವೇನು ಮಾಡಲಾದೀತು?" ಎಂದು ಕೆಲವರು ಕೇಳುವುದುಂಟು. ಭಾಗವತದ ಪ್ರಥಮಸ್ಕಂಧದಲ್ಲಿಯೇ ಇದಕ್ಕೆ ಸಮಾಧಾನವಿದೆ. ದಿಗ್ವಿಜಯಕ್ಕೆ ಹೊರಟ ಪರೀಕ್ಷಿದ್ರಾಜನು ರಾಜವೇಷದ ಕಲಿಯು ಒಂಟಿಕಾಲಿನ ವೃಷಭವನ್ನೂ ಗೋವನ್ನೂ ಹೊಡೆಯುತ್ತಿರುವುದನ್ನು ಕಂಡನು. ತಪಸ್ಸು, ಶೌಚ, ದಯೆ, ಸತ್ಯಗಳೇ ಧರ್ಮರೂಪಿಯಾದ ಆ ವೃಷಭದ ನಾಲ್ಕು ಕಾಲುಗಳು; ದಯೆಯೂ ಮುರಿದು, ಸತ್ಯವೊಂದೇ ಉಳಿದಿತ್ತು. ನಿನ್ನ ದುಃಖಕ್ಕೆ ಕಾರಣರಾರೆಂದು ರಾಜನು ಕೇಳಿದಾಗ, ದೈವವೆನ್ನುವವರುಂಟು, ಕರ್ಮವೆನ್ನುವವರುಂಟು, ಸ್ವಭಾವವೆನ್ನುವವರೂ ಉಂಟೆಂದು ವೃಷಭವು ಹೇಳಿತೇ ಹೊರತು ಯಾರನ್ನೂ ದೂರಲಿಲ್ಲ. ಆ ಮಾತನ್ನು ಕೇಳಿ ರಾಜನು ಸುಮ್ಮನೆ ಮುಂದೆ ಸಾಗಿದನೇ? ಇಲ್ಲ, ಹೊಡೆಯುವ ಕೈಯನ್ನು ತಡೆದನು. ಪಶುವಿನ ಕರ್ಮವನ್ನು ಭಗವಂತನು ಬಲ್ಲನು. ಅದರ ನೋವಿಗೆ ನಿಮಿತ್ತನಾದವನ ಕರ್ಮವು ಮಾತ್ರ ಹೊಸದಾಗಿ ಬೆಳೆಯುತ್ತದೆ.

ಇಂದಿನ ರಾಜಶಾಸನವೂ ಈ ವಿಷಯದಲ್ಲಿ ಮೌನವಾಗಿಲ್ಲ. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ೧೯೭೮ರಲ್ಲಿ ಪ್ರಾಣಿಗಳ ಸಾಗಾಣಿಕೆಯ ನಿಯಮಗಳಾದವು. ಅವುಗಳ ಪ್ರಕಾರ ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಒಯ್ಯುವಂತಿಲ್ಲ. ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರವಿರಬೇಕು. ಹತ್ತಿಸುವ ಮೊದಲು ಮೇವು, ನೀರು ಕೊಟ್ಟಿರಬೇಕು. ಕಾಲು ಜಾರದಂತೆ ನಾರಿನ ಚಾಪೆಯನ್ನೋ ಹಲಗೆಯನ್ನೋ ಹಾಸಬೇಕು. ಜೊತೆಗೆ ನೋಡಿಕೊಳ್ಳುವ ಆಳೊಬ್ಬನಿರಬೇಕು. ಬೇರೆ ಸರಕನ್ನು ಹೇರಕೂಡದು. ಇವು ಕಷ್ಟಸಾಧ್ಯವಾದ ವ್ರತಗಳೇನಲ್ಲ. ೨೦೨೩ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯು ಉದ್ಘಾಟನೆಯಾದಂದಿನಿಂದ ಕಾರಿನಲ್ಲಿ ಕುಳಿತವರಿಗೆ ಪ್ರಯಾಣವು ಹಗುರವಾಗಿದೆ. ಆದರೆ ಹಾಸಿಲ್ಲದ ತಗಡಿನ ಮೇಲೆ ನಿಂತ ಪಶುವಿಗೆ ಪ್ರತಿಯೊಂದು ಬ್ರೇಕೂ ಪ್ರತಿಯೊಂದು ತಿರುವೂ ಬೀಳುವ ಭಯವೇ ಆಗಿದೆ.

ನಾವು ಲಾರಿಯ ಯಜಮಾನರಲ್ಲ, ವ್ಯಾಪಾರಿಗಳೂ ಅಲ್ಲವೆಂದು ಗೃಹಸ್ಥರು ಹೇಳಬಹುದು. ಆದರೆ ಗೃಹಪ್ರವೇಶದ ಮುಹೂರ್ತಕ್ಕೆಂದು ಹಸುಕರುಗಳನ್ನು ಸಣ್ಣ ಟೆಂಪೋದಲ್ಲಿ ತರಿಸುವವರು ನಾವೇ. ಗೋದಾನದ ಗೋವನ್ನು ದೂರದ ಗೋಶಾಲೆಗೆ ಕಳುಹಿಸುವವರೂ ನಾವೇ. ಹಾಲು ಬತ್ತಿದ ಹಸುವನ್ನು, ಬೇಡವಾದ ಗಂಡುಕರುವನ್ನು ಕೊಟ್ಟಿಗೆಯಿಂದ ಹೊರಡಿಸುವ ಮನೆಗಳೂ ನಮ್ಮಲ್ಲಿವೆ. ಅದು ಯಾರ ಕೈಗೆ, ಎಲ್ಲಿಗೆ, ಹೇಗೆ ಹೋಗುತ್ತದೆಂದು ಕೇಳದೆ ಹಣವನ್ನೆಣಿಸಿಕೊಂಡರೆ ಹಗ್ಗವು ಕೈಬಿಟ್ಟೀತು, ಋಣವು ಬಿಡದು. ಆ ಹಸುವಿನ ಹಾಲಿನಿಂದ ದೇವರಿಗೆ ಅಭಿಷೇಕ ಮಾಡಿದ್ದೇವೆ, ನಮ್ಮ ಮಕ್ಕಳನ್ನು ಬೆಳೆಸಿದ್ದೇವೆ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಯೋಗ್ಯ ವಾಹನವನ್ನು ಗೊತ್ತುಮಾಡುವುದು, ಬಿಸಿಲೇರುವ ಮುನ್ನ ಹೊರಡಿಸುವುದು, ಕರುವನ್ನು ತಾಯಿಯ ಕಣ್ಣಿಗೆ ಕಾಣುವಂತೆ ನಿಲ್ಲಿಸುವುದು, ದಾರಿಯಲ್ಲಿ ನೀರು ಕುಡಿಸುವುದು, ಇವೆಲ್ಲವೂ ಗೋಪೂಜೆಯ ಅಂಗಗಳೆಂದೇ ಭಾವಿಸಬೇಕು.

ಒಂದು ಎಚ್ಚರವೂ ಅಗತ್ಯ. ದಯೆಯ ಹೆಸರಿನಲ್ಲಿ ದಾರಿಯಲ್ಲಿ ವಾಹನವನ್ನು ತಡೆದು ಮನುಷ್ಯರ ಮೇಲೆ ಕೈಮಾಡುವುದು ಧರ್ಮವಲ್ಲ. ಖಡ್ಗವನ್ನೆತ್ತಿದ ಪರೀಕ್ಷಿದ್ರಾಜನೂ ಶರಣಾದ ಕಲಿಯನ್ನು ಕೊಲ್ಲಲಿಲ್ಲ. ಅನ್ಯಾಯವನ್ನು ಕಂಡಲ್ಲಿ ಪೊಲೀಸರಿಗೂ ಪಶುವೈದ್ಯರಿಗೂ ತಿಳಿಸುವುದಷ್ಟೇ ನಮ್ಮ ಅಧಿಕಾರ. ಚಾಲಕನೊಳಗೂ ಅದೇ ಬಿಂಬಮೂರ್ತಿಯಿದ್ದಾನೆಂಬುದನ್ನು ಮರೆಯಲಾಗದು.

ಈ ಮಧ್ವನವಮಿಯಂದು ಸುಮಧ್ವವಿಜಯ ಪಾರಾಯಣವನ್ನು ಮುಗಿಸಿ ಏಳುವಾಗ ಪ್ರತಿಯೊಂದು ಮನೆಯವರೂ ಒಂದು ಸಂಕಲ್ಪವನ್ನು ಮಾಡೋಣ: ನಮ್ಮ ನಿಮಿತ್ತದಿಂದ ಹೊರಡುವ ಯಾವ ಪಶುವೂ ಹಸಿದು, ಬಾಯಾರಿ, ಇಕ್ಕಟ್ಟಿನಲ್ಲಿ ಹೊರಡದಿರಲಿ. ಭಾರತೀರಮಣಮುಖ್ಯಪ್ರಾಣಾಂತರ್ಗತನಾದ ಶ್ರೀಗೋಪಾಲಕೃಷ್ಣನು ಅದರಿಂದ ಪ್ರೀತನಾಗಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥